ಕಿವಿಯಿಂದ ಕೈಗಿಳಿದ ಶುಶ್ರೂಷೆ

ಕನ್ನಡದಲ್ಲಿ ಕಾಗುಣಿತ ತಪ್ಪದೆ ಬರೆಯಲು ತಿಣುಕಾಡಿಸುವ ಪದಗಳಲ್ಲಿ ‘ಶುಶ್ರೂಷೆ’ಯೂ ಒಂದು. ಮೊದಲು ಶು, ಆಮೇಲೆ ಶ್ರೂ, ಕೊನೆಗೊಂದು ಹೊಟ್ಟೆ ಸೀಳಿದ ಷೆ. ಆಸ್ಪತ್ರೆಯ ಫಲಕಗಳಲ್ಲಿ, ಸುತ್ತೋಲೆಗಳಲ್ಲಿ, ಶ್ರದ್ಧಾಂಜಲಿ ಜಾಹೀರಾತುಗಳಲ್ಲಿ ‘ಶುಶ್ರುಷೆ’, ‘ಸುಶ್ರೂಷೆ’, ‘ಶುಶ್ರೂಶೆ’ ಎಲ್ಲವೂ ಸಿಗುತ್ತವೆ. ಬಾಯಲ್ಲಂತೂ ‘ಸುಸ್ರೂಸೆ’ಯೇ ಸಲೀಸು. ‘ಸು’ ಎಂದು ಬರೆಯುವವರಿಗೆ ಒಂದು ಸಬೂಬು ಇದ್ದೇ ಇದೆ. ಸುಗುಣ, ಸುದಿನ, ಸುವಾರ್ತೆಗಳ ಹಾಗೆ ಇದರಲ್ಲೂ ಒಳ್ಳೆಯದೆಂಬ ‘ಸು’ ಇರಬೇಕೆಂದು ಅವರ ಎಣಿಕೆ. ರೋಗಿಯನ್ನು ಚೆನ್ನಾಗಿ ನೋಡಿಕೊಳ್ಳುವುದಲ್ಲವೇ?

ಆದರೆ ಈ ಪದದಲ್ಲಿ ಆ ‘ಸು’ ಇಲ್ಲ. ಇಲ್ಲಿರುವುದು ‘ಶ್ರು’ ಎಂಬ ಧಾತು ಮಾತ್ರ, ಅದೂ ಎರಡು ಸಲ. ಶ್ರು ಎಂದರೆ ಕೇಳು. ಶ್ರುತಿ, ಶ್ರವಣ, ಶ್ರೋತೃಗಳೆಲ್ಲ ಅದೇ ಬಳಗ. ಸಂಸ್ಕೃತದಲ್ಲಿ ಕ್ರಿಯೆಗೆ ‘ಬಯಕೆ’ಯ ಅರ್ಥ ಕೂಡಿಸಲು ‘ಸನ್’ ಎಂಬ ಪ್ರತ್ಯಯ ಹಚ್ಚುತ್ತಾರೆ. ಆಗ ಧಾತುವಿನ ಮೊದಲ ವ್ಯಂಜನ ಇಮ್ಮಡಿಸುತ್ತದೆ. ಶ್ರುವಿನಂತೆ ಸ್ವರದಲ್ಲಿ ಮುಗಿಯುವ ಧಾತುವಾದರೆ ಆ ಸ್ವರ ದೀರ್ಘವೂ ಆಗುತ್ತದೆ. ಕುಡಿಯುವ ಬಯಕೆ ಪಿಪಾಸೆ, ಉಣ್ಣುವ ಬಯಕೆ ಬುಭುಕ್ಷೆ, ಬಿಡುಗಡೆಯ ಬಯಕೆ ಮುಮುಕ್ಷೆ, ಕೇಳುವ ಬಯಕೆ ಶುಶ್ರೂಷೆ. ಪಾಣಿನಿಯ ಒಂದು ಸೂತ್ರ ಜ್ಞಾ, ಶ್ರು, ಸ್ಮೃ, ದೃಶ್ ಎಂಬ ನಾಲ್ಕು ಧಾತುಗಳನ್ನು ಸಾಲಾಗಿ ನಿಲ್ಲಿಸಿ, ಸನ್ ಹತ್ತಿದಾಗ ಇವು ಆತ್ಮನೇಪದಿಗಳಾಗುತ್ತವೆ ಎನ್ನುತ್ತದೆ. ಹಾಗಾಗಿ ಜಿಜ್ಞಾಸೆಯೂ ಶುಶ್ರೂಷೆಯೂ ಒಂದೇ ಸಾಲಿನ ಅಕ್ಕತಂಗಿಯರು. ಒಬ್ಬಳಿಗೆ ತಿಳಿಯುವ ಹಂಬಲ, ಇನ್ನೊಬ್ಬಳಿಗೆ ಕೇಳಿಸಿಕೊಳ್ಳುವ ಹಂಬಲ. ಅಕ್ಕ ಪತ್ರಿಕೆ, ಗ್ರಂಥಗಳ ಕಡೆ ಹೋದಳು. ತಂಗಿ ವಾರ್ಡಿಗೆ ಬಂದಳು.

ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಇನ್ನೊಂದು ಸೂತ್ರವಿದೆ. ಆಸ್ಪತ್ರೆಯ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ಅದರ ನೆನಪಾಗುತ್ತದೆ. ಗುಪ್, ತಿಜ್, ಕಿತ್ ಎಂಬ ಮೂರು ಧಾತುಗಳಿಗೂ ಇದೇ ಸನ್ ಹತ್ತುತ್ತದೆ, ಆದರೆ ಇಲ್ಲಿ ಬಯಕೆಯ ಅರ್ಥವಿಲ್ಲ. ಗುಪ್‌ನಿಂದ ಜುಗುಪ್ಸೆ, ತಿಜ್‌ನಿಂದ ತಿತಿಕ್ಷೆ, ಕಿತ್‌ನಿಂದ ಚಿಕಿತ್ಸೆ. ಹೇಸಿಗೆ, ಸಹನೆ, ಮದ್ದು. ಪಾಣಿನಿ ಇವನ್ನು ಜೊತೆಗಿಟ್ಟದ್ದು ಬರಿಯ ವ್ಯಾಕರಣದ ಅನುಕೂಲಕ್ಕೆ. ಆದರೂ ಬೆಳಗಿನ ಡ್ರೆಸ್ಸಿಂಗ್ ಹೊತ್ತಿಗೆ ಸರ್ಜಿಕಲ್ ವಾರ್ಡಿನಲ್ಲಿ ನಿಂತವರಿಗೆ ಈ ಮೂರೂ ಒಂದೇ ಮಂಚದ ಸುತ್ತ ಕಾಣುತ್ತವೆ. ಗಾಯದ ವಾಸನೆಗೆ ಮುಖ ತಿರುಗುತ್ತದೆ, ಹಲ್ಲುಕಚ್ಚಿ ತಡೆದುಕೊಳ್ಳುವವರು ಒಬ್ಬರು, ಟ್ರೇ ಹಿಡಿದು ನಿಂತವರು ಇನ್ನೊಬ್ಬರು. ತಿಜ್ ಎಂದರೆ ಹರಿತ ಮಾಡು. ತೀಕ್ಷ್ಣ, ತೇಜಸ್ಸುಗಳು ಅಲ್ಲಿಂದಲೇ ಬಂದವು. ಹರಿತದ ಧಾತುವಿನಿಂದ ಸಹನೆಯ ಪದ ಹುಟ್ಟಿದ್ದನ್ನು ನೋವುಂಡವರಿಗೆ ವಿವರಿಸಿ ಹೇಳಬೇಕಿಲ್ಲ.

ಶುಶ್ರೂಷೆಗೆ ಬರೋಣ. ಈ ಪದ ಮೊದಲಿಗೆ ಗುರುಕುಲದ್ದು. ಹೇಳಿದ್ದನ್ನು ಕೇಳುವ ಮನಸ್ಸಿಲ್ಲದವನಿಗೆ ಪಾಠ ಹೇಳಿ ಉಪಯೋಗವಿಲ್ಲ. ಕೌಟಿಲ್ಯ ಅರ್ಥಶಾಸ್ತ್ರದಲ್ಲಿ ರಾಜಕುಮಾರನ ವಿದ್ಯಾಭ್ಯಾಸದ ಮಾತು ಬಂದಾಗ ವಿದ್ಯೆ ಎಂಥ ಬುದ್ಧಿಯನ್ನು ತಿದ್ದಬಲ್ಲದು ಎಂದು ಗುಣಗಳನ್ನು ಎಣಿಸುತ್ತಾನೆ. ಮೊದಲನೆಯದು ಶುಶ್ರೂಷೆ. ಶ್ರವಣ, ಗ್ರಹಣ, ಧಾರಣ, ವಿಜ್ಞಾನ, ಊಹಾಪೋಹಗಳೆಲ್ಲ ಆಮೇಲೆ. ಮುಂದಿನ ಗ್ರಂಥಗಳು ಇವನ್ನು ‘ಧೀಗುಣ’ಗಳು, ಅಂದರೆ ಬುದ್ಧಿಯ ಗುಣಗಳು ಎಂದು ಕರೆದವು. ಕೇಳುವುದು ಎರಡನೆಯದು, ಕೇಳಬೇಕೆನಿಸುವುದು ಮೊದಲನೆಯದು ಎಂಬ ಈ ಕ್ರಮ ಬಹಳ ಸೂಕ್ಷ್ಮವಾದದ್ದು.

ಎದುರಿನವರಿಗೆ ಮನಸ್ಸು ಕೊಡುವುದನ್ನು ಬುದ್ಧಿಯ ಲೆಕ್ಕಕ್ಕೆ ಸೇರಿಸುವ ಮಾತು ನಮ್ಮ ಕಾಲದಲ್ಲೂ ಬಂದಿದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಪೀಟರ್ ಸಲೊವೆ ಮತ್ತು ಜಾನ್ ಮೇಯರ್ 1990ರಲ್ಲಿ ‘ಭಾವನಾತ್ಮಕ ಬುದ್ಧಿಮತ್ತೆ’ಯ ಪರಿಕಲ್ಪನೆಯನ್ನು ಮಂಡಿಸಿದರು. ಐದು ವರ್ಷಗಳ ನಂತರ ಡೇನಿಯಲ್ ಗೋಲ್‌ಮನ್ ಬರೆದ ಪುಸ್ತಕದಿಂದ ಅದು ಮನೆಮಾತಾಯಿತು. ಇವತ್ತು ನರ್ಸಿಂಗ್ ಕಾಲೇಜುಗಳ ಕಾರ್ಯಾಗಾರಗಳಲ್ಲಿ ಈ ಮಾತು ಕೇಳದ ದಿನವಿಲ್ಲ. ಸಲೊವೆ, ಮೇಯರರ ಲೆಕ್ಕದಲ್ಲಿ ಇದರ ಮೊದಲ ಮೆಟ್ಟಿಲು ತನ್ನ ಮತ್ತು ಎದುರಿಗಿರುವವರ ಭಾವವನ್ನು ಗುರುತಿಸುವುದು. ಸಂಭಾಳಿಸುವುದೆಲ್ಲ ಆಮೇಲೆ. ಕೌಟಿಲ್ಯನಿಗೆ ಇದು ಮೊದಲೇ ಗೊತ್ತಿತ್ತೆಂದು ನಾನು ಹೇಳಹೊರಟಿಲ್ಲ. ಅವನ ರಾಜಕುಮಾರ ಕೇಳಬೇಕಿದ್ದದ್ದು ಗುರುವಿನ ಮಾತನ್ನು. ಜ್ವರದಲ್ಲಿ ನರಳುವ ಆಳಿನ ಮಾತು ಆ ಪಟ್ಟಿಯಲ್ಲಿಲ್ಲ. ಆದರೆ ಕೇಳುವ ಮನಸ್ಸನ್ನು ಬುದ್ಧಿಯ ಖಾತೆಯಲ್ಲಿ ಜಮೆ ಮಾಡಿದ್ದ ಕಾಲವೊಂದಿತ್ತು ಎಂಬುದು ಗಮನಿಸಬೇಕಾದ ಸಂಗತಿ. ಏಕೆಂದರೆ ಪದ ಆ ಖಾತೆಯಲ್ಲಿ ಉಳಿಯಲಿಲ್ಲ.

ಗುರುವಿನ ಮಾತು ಕೇಳುವವನು ಗುರು ಹೇಳಿದ್ದನ್ನು ಮಾಡಬೇಕು. ಸೌದೆ ತರಬೇಕು, ದನ ಕಾಯಬೇಕು, ಕಾಲೊತ್ತಬೇಕು. ಕೇಳುವ ಬಯಕೆ ವಿಧೇಯತೆಯಾಯಿತು, ವಿಧೇಯತೆ ಊಳಿಗವಾಯಿತು. ಇದು ಸಂಸ್ಕೃತದಲ್ಲಿ ಮಾತ್ರ ಆದದ್ದೂ ಅಲ್ಲ. ನಮ್ಮ ‘ಕೇಳು’ವನ್ನೇ ನೋಡಿ. ಹಾಡು ಕೇಳುವುದು, ದಾರಿ ಕೇಳುವುದು, ಸಾಲ ಕೇಳುವುದು ಎಲ್ಲ ಆದಮೇಲೆ ‘ಈ ಹುಡುಗ ಮಾತೇ ಕೇಳಲ್ಲ’ ಎಂದು ಅಮ್ಮ ಗೊಣಗಿದರೆ ಅವನ ಕಿವಿ ಕೆಟ್ಟಿದೆ ಎಂದು ಯಾರೂ ತಿಳಿಯುವುದಿಲ್ಲ. ಅದೇ ‘ಕೇಳು’ ಆರೈಕೆಯ ಕಡೆಗೂ ವಾಲುತ್ತದೆ. ‘ಕೇಳೋರು ಗತಿಯಿಲ್ಲ’ ಎಂದರೆ ನೋಡಿಕೊಳ್ಳುವವರಿಲ್ಲ ಎಂದೇ ಅರ್ಥ.

ವಿಧೇಯತೆಯಾದ ಮೇಲೆ ಪದ ಯಾರ ತಲೆಗೆ ಬಿತ್ತು ಎಂಬುದರಲ್ಲಿ ಅಚ್ಚರಿಯೇನಿಲ್ಲ. ಮನುಸ್ಮೃತಿ ಶೂದ್ರನಿಗೆ ವಿಧಿಸಿದ ಒಂದೇ ಕೆಲಸವೆಂದರೆ ಉಳಿದ ಮೂರು ವರ್ಣಗಳ ಶುಶ್ರೂಷೆ, ಅದೂ ಅಸೂಯೆಪಡದೆ. ಹೆಣ್ಣಿಗೆ ಪತಿಶುಶ್ರೂಷೆ. ಒಂದು ಕಾಲಕ್ಕೆ ರಾಜಕುಮಾರನ ಬುದ್ಧಿಯ ಮೊದಲ ಗುಣವಾಗಿದ್ದದ್ದು ಬುದ್ಧಿ ಬೇಡದವರ ಕರ್ತವ್ಯವಾಯಿತು. ನರ್ಸ್‌ಗಳ ಕೆಲಸವನ್ನು ನಾವು ಇವತ್ತಿಗೂ ‘ಸೇವೆ’ ಎಂದು ಹೊಗಳಿ, ‘ಪರಿಣತಿ’ ಎಂದು ಕರೆಯಲು ಹಿಂದೇಟು ಹಾಕುವುದರ ಬೇರು ಇಲ್ಲಿದೆ ಎಂದೇ ನನ್ನ ಅನಿಸಿಕೆ.

ವಿಚಿತ್ರವೆಂದರೆ ರೋಗಿಯನ್ನು ನಿಜವಾಗಿ ನೋಡಿಕೊಳ್ಳುವ ಬಗ್ಗೆ ಬರೆದ ಹಳಬರು ತಮ್ಮ ಪಟ್ಟಿಗಳಲ್ಲಿ ಬೇರೆ ಪದ ಇಟ್ಟರು. ಚರಕಸಂಹಿತೆ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಉಪಸ್ಥಾತೃ, ರೋಗಿ. ಉಪಸ್ಥಾತೃ ಎಂದರೆ ಪಕ್ಕದಲ್ಲಿ ನಿಲ್ಲುವವನು. ಅವನಿಗಿರಬೇಕಾದದ್ದು ಉಪಚಾರದ ತಿಳಿವಳಿಕೆ, ಕೈಚಳಕ, ರೋಗಿಯ ಮೇಲೆ ಅಕ್ಕರೆ, ಶುಚಿತ್ವ. ರೋಗಿಗೂ ನಾಲ್ಕು ಗುಣ ಬೇಕು. ಅದರಲ್ಲೊಂದು ಜ್ಞಾಪಕತ್ವ, ತನಗೇನಾಗುತ್ತಿದೆ ಎಂದು ತಿಳಿಯಪಡಿಸುವ ಶಕ್ತಿ. ರೋಗಿ ಹೇಳಬಲ್ಲವನಾಗಿರಬೇಕು ಎಂದವರು ಉಪಸ್ಥಾತೃ ಕೇಳಬಲ್ಲವನಾಗಿರಬೇಕು ಎಂದು ಬಿಡಿಸಿ ಹೇಳಲಿಲ್ಲ. ಅಕ್ಕರೆಯಲ್ಲಿ ಅದು ಸೇರಿತೆಂದುಕೊಂಡರೋ ಏನೋ.

ಪಾಲಿಯ ವಿನಯಪಿಟಕದಲ್ಲಿ ಇದೇ ಉಪಸ್ಥಾತೃ ‘ಗಿಲಾನುಪಟ್ಠಾಕ’ನಾಗಿ ಬರುತ್ತಾನೆ. ಹೊಟ್ಟೆ ಕೆಟ್ಟು ತನ್ನ ಮಲಮೂತ್ರದಲ್ಲೇ ಬಿದ್ದಿದ್ದ ಭಿಕ್ಷುವನ್ನು ಬುದ್ಧ ಆನಂದನ ಜೊತೆ ಸೇರಿ ತೊಳೆದು ಮಲಗಿಸಿದ ಪ್ರಸಂಗ ಅಲ್ಲಿದೆ. ಆಮೇಲೆ ಬರುವ ಗುಣಗಳ ಪಟ್ಟಿ ಇವತ್ತಿನ ತರಗತಿಗೂ ಸಲ್ಲುವಂಥದ್ದು: ಔಷಧ ಸಿದ್ಧಮಾಡಬಲ್ಲವನು, ಪಥ್ಯ ಅಪಥ್ಯ ಬಲ್ಲವನು, ಲಾಭದಾಸೆಯಿಲ್ಲದವನು, ವಾಂತಿ ಭೇದಿಗೆ ಹೇಸದವನು, ಮಾತಿನಿಂದ ರೋಗಿಗೆ ಸಮಾಧಾನ ತರಬಲ್ಲವನು. ನಮ್ಮ ಜೈನರಲ್ಲಿ ಈ ಹೇಸದಿರುವುದಕ್ಕೇ ‘ನಿರ್ವಿಚಿಕಿತ್ಸೆ’ ಎಂಬ ಹೆಸರು. ಮತ್ತೆ ಅದೇ ಕಿತ್ ಧಾತು! ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಅದೊಂದು. ಕಾಯಿಲೆಬಿದ್ದ ಮುನಿಯ ವಾಂತಿಗೆ ಅಸಹ್ಯಪಡದೆ ಆರೈಕೆ ಮಾಡಿದ ಉದ್ದಾಯನ ರಾಜ ಅದಕ್ಕೆ ನಿದರ್ಶನ. ರಾಜನೇ ಇಲ್ಲಿ ಕೈ ತೊಳೆದು ನಿಂತಿದ್ದಾನೆ. ಶ್ರಮಣರು ಈ ಕೆಲಸವನ್ನು ಕೆಳಗಿನವರಿಗೆ ದಾಟಿಸದೆ ತಪಸ್ಸಿನ ಪಟ್ಟಿಗೆ ಸೇರಿಸಿದರು. ವೈಯಾವೃತ್ತ್ಯ, ಅಂದರೆ ರೋಗಿ ಮುನಿಗಳ ಉಪಚಾರ, ಜೈನರಲ್ಲಿ ಅಂತರಂಗದ ತಪಸ್ಸು.

‘ಆರೈಕೆ’ಯ ಕಥೆಯೂ ಇಲ್ಲೇ ಹೇಳಿಬಿಡಬೇಕು. ಹಳಗನ್ನಡದಲ್ಲಿ ‘ಆರಯ್’ ಎಂದರೆ ಹುಡುಕು, ಪರಿಶೀಲಿಸು, ಕಣ್ಣಿಟ್ಟು ನೋಡು. ತಮಿಳಿನಲ್ಲಿ ಅದೇ ಬೇರಿನಿಂದ ‘ಆರಾಯ್ಚ್ಚಿ’ ಬಂತು. ಅದಕ್ಕೆ ಸಂಶೋಧನೆ ಎಂದರ್ಥ. ಅವರ ಕಡೆ ವಿಶ್ವವಿದ್ಯಾಲಯ ಸೇರಿದ ಪದ ನಮ್ಮ ಕಡೆ ಬಾಣಂತಿ ಕೋಣೆ ಸೇರಿತು. ‘ನೋಡಿಕೊಳ್ಳು’, ‘ವಿಚಾರಿಸಿಕೊಳ್ಳು’ಗಳದ್ದೂ ಇದೇ ಜಾಡು. ಕಣ್ಣು ಕಿವಿಯ ಕೆಲಸಕ್ಕೆ ‘ಕೊಳ್ಳು’ ಸೇರಿದರೆ ಕನ್ನಡದಲ್ಲಿ ಅದು ಆರೈಕೆಯಾಗುತ್ತದೆ. ‘ದಾದಿ’ ಮಾತ್ರ ಬೇರೆ ದಾರಿಯಲ್ಲಿ ಬಂದವಳು. ಅವಳು ಹಾಲೂಡುವ ‘ಧಾತ್ರಿ’ಯ ತದ್ಭವ. ಇಂಗ್ಲಿಷಿನ ‘ನರ್ಸ್’ ಕೂಡ ಲ್ಯಾಟಿನ್ನಿನ ಪೋಷಣೆಯ ಧಾತುವಿನಿಂದ ಹೊರಟು ಹಾಲೂಡುವ ಹೆಂಗಸಿನ ಹೆಸರಾಗಿ, ಆಮೇಲೆ ಆಸ್ಪತ್ರೆಗೆ ಬಂದದ್ದು.

ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಬರೆದ ನರ್ಸಿಂಗಿನ ಕಿರುಹೊತ್ತಗೆಯನ್ನು ದೀಪದ ಚಿತ್ರ ಮರೆತು ಓದಬೇಕು. ಆಕೆ ಖಡಾಖಂಡಿತ ಹೆಂಗಸು. ರೋಗಿ ಕತ್ತು ಹೊರಳಿಸಬೇಕಾಗದಂತೆ ಅವನ ಕಣ್ಣೆದುರು ಕೂತು ಮಾತಾಡಿ ಎನ್ನುತ್ತಾಳೆ. ಬಾಗಿಲಾಚೆ ಪಿಸುಗುಟ್ಟುವುದನ್ನು ಕ್ರೌರ್ಯವೆನ್ನುತ್ತಾಳೆ. ‘ಚೆನ್ನಾಗಿ ನಿದ್ದೆ ಬಂತಾ?’ ಎಂಬಂಥ, ಉತ್ತರವನ್ನು ತಾನೇ ಬಾಯಿಗಿಡುವ ಪ್ರಶ್ನೆಗಳಿಂದ ಏನೂ ತಿಳಿಯುವುದಿಲ್ಲ, ಎಷ್ಟು ಹೊತ್ತು ಮಲಗಿದರು, ಎಷ್ಟೊತ್ತಿಗೆ ಎಚ್ಚರವಾಯಿತು ಎಂದು ಕೇಳಿ ಎನ್ನುತ್ತಾಳೆ. ‘ಏನಾಗಲ್ಲ, ಬೇಗ ವಾಸಿಯಾಗ್ತೀರಿ’ ಎಂದು ಹುರುಪು ತುಂಬಲು ಬರುವ ನೆಂಟರಿಷ್ಟರ ಮೇಲೆ ಒಂದು ಇಡೀ ಅಧ್ಯಾಯದ ಸಿಟ್ಟು ಇದೆ. ಆಕೆಯ ಹೆಸರಿನಲ್ಲಿ 1893ರಲ್ಲಿ ಡೆಟ್ರಾಯಿಟ್‌ನಲ್ಲಿ ರಚನೆಯಾದ ಪ್ರತಿಜ್ಞೆಯಲ್ಲಿ ಮಾತ್ರ ವೈದ್ಯನಿಗೆ ನಿಷ್ಠೆಯಿಂದ ನೆರವಾಗುವ ಮಾತು ಬಂತು. ದೀಪ ಹಚ್ಚುವ ಸಮಾರಂಭಗಳಲ್ಲಿ ನಮ್ಮ ವಿದ್ಯಾರ್ಥಿನಿಯರೂ ಅದನ್ನೇ ಹೇಳುತ್ತಾ ಬಂದರು. ಅಲ್ಲಿಗೂ ಕೇಳುವುದು ‘ಹೇಳಿದಂತೆ ಕೇಳುವುದು’ ಆಗಿಬಿಟ್ಟಿತು.

ಕಿವಿಯನ್ನು ರೋಗಿಯ ಕಡೆಗೆ ತಿರುಗಿಸಿದ್ದು ನೋವು. ಜ್ವರಕ್ಕೆ ಥರ್ಮಾಮೀಟರಿದೆ, ರಕ್ತದೊತ್ತಡಕ್ಕೆ ಪಟ್ಟಿಯಿದೆ. ನೋವಿಗೆ ಯಂತ್ರವಿಲ್ಲ. ಅಮೆರಿಕದ ನರ್ಸ್ ಮಾರ್ಗೊ ಮೆಕ್‌ಕೆಫ್ರಿ 1968ರಲ್ಲಿ ಇದನ್ನು ನೇರವಾಗಿ ಹೇಳಿಬಿಟ್ಟರು: ಅನುಭವಿಸುವವರು ಯಾವುದನ್ನು ನೋವೆನ್ನುತ್ತಾರೋ ಅದೇ ನೋವು, ಇದೆ ಎಂದಾಗ ಇದೆ. ಆವರೆಗೆ ಚಾರ್ಟು ನೋಡಿ ‘ಇಷ್ಟು ನೋವಿರಲಿಕ್ಕಿಲ್ಲ’ ಎಂದು ತೀರ್ಪು ಕೊಡುತ್ತಿದ್ದವರಿಗೆ ಇದು ಅಧಿಕಾರ ಕಳೆದುಕೊಂಡಂತೆ ಅನಿಸಿದ್ದರೆ ಸೋಜಿಗವಿಲ್ಲ. ಅದರ ಹಿಂದಿನ ವರ್ಷವಷ್ಟೇ ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸ್ ಸಾವಿನಂಚಿನ ರೋಗಿಗಳ ಆರೈಕೆಗೆಂದು ಸೇಂಟ್ ಕ್ರಿಸ್ಟೊಫರ್ಸ್ ಹಾಸ್ಪಿಸ್ ತೆರೆದಿದ್ದರು. ನರ್ಸಾಗಿ ಶುರುಮಾಡಿ, ಸಮಾಜ ಕಾರ್ಯಕರ್ತೆಯಾಗಿ, ಮೂವತ್ತು ದಾಟಿದ ಮೇಲೆ ಓದಿ ವೈದ್ಯೆಯಾದವರು ಅವರು. ನಿಮ್ಮ ನೋವಿನ ಬಗ್ಗೆ ಹೇಳಿ ಎಂದಾಗ ರೋಗಿಗಳು ಬೆನ್ನಿನಿಂದ ಶುರುಮಾಡಿ ಮನೆ, ಮಗ, ದುಡ್ಡು, ದೇವರು ಎಲ್ಲಕ್ಕೂ ಹೋಗುವುದನ್ನು ಕೂತು ಕೇಳಿ, ‘ಸಮಗ್ರ ನೋವು’ ಎಂಬ ಮಾತು ಕಟ್ಟಿದರು. ಮಾರ್ಫಿನ್ನನ್ನು ನೋವು ಉಕ್ಕಿದಾಗ ಕೊಡದೆ ಗಡಿಯಾರ ನೋಡಿ ಹೊತ್ತುಹೊತ್ತಿಗೆ ಕೊಡಬೇಕೆಂಬ ಪಾಠವೂ ಅವರಿಂದಲೇ ಹರಡಿತು. ಕೇಳುವುದೆಂದರೆ ಕಣ್ಣೊರೆಸುವುದಷ್ಟೇ ಎಂದುಕೊಂಡವರು ಇದನ್ನು ಮರೆಯಬಾರದು. ನಮ್ಮಲ್ಲಂತೂ 1985ರ ಮಾದಕದ್ರವ್ಯ ಕಾಯ್ದೆಯ ಭಯಕ್ಕೆ ಮಾರ್ಫಿನ್ ಆಸ್ಪತ್ರೆಗಳಿಂದಲೇ ಮಾಯವಾಗಿತ್ತು. 2014ರ ತಿದ್ದುಪಡಿ ಬರುವವರೆಗೆ ಎಷ್ಟು ಚೆನ್ನಾಗಿ ಕೇಳಿಸಿಕೊಂಡ ನರ್ಸ್ ಆದರೂ ಬಹಳ ಕಡೆ ಕೈಕಟ್ಟಿ ನಿಲ್ಲಬೇಕಿತ್ತು.

ಕೇಳಬೇಕೆಂದರೆ ಪದ ಬೇಕು. ಕೆನಡಾದ ರೊನಾಲ್ಡ್ ಮೆಲ್ಜಾಕ್ 1975ರಲ್ಲಿ ನೋವಿನ ಬಣ್ಣನೆಗೆ 78 ಪದಗಳ ಪ್ರಶ್ನಾವಳಿ ಮಾಡಿದರು. ಕನ್ನಡದ ನೋವಿಗೆ ಅಂಥ ಪಟ್ಟಿ ಹಾಕಲು ಕೂತರೆ ಸಾಮಗ್ರಿಗೆ ಬರವಿಲ್ಲ. ಚುಚ್ಚುತ್ತೆ, ಕೊರೆಯುತ್ತೆ, ಹಿಂಡುತ್ತೆ, ಸೆಳೆಯುತ್ತೆ, ಉರಿಯುತ್ತೆ, ಮಿಡಿಯುತ್ತೆ, ಸಿಡಿಯುತ್ತೆ, ಕಿತ್ತುಕೊಂಡು ಬರುತ್ತೆ. ಬಡಗಣ ಕಡೆ ಚಳಕು ಹೊಡಿತೈತಿ, ತ್ರಾಸಾಗ್ತೈತಿ. ‘ಕರೆಂಟ್ ಹೊಡೆದ ಹಾಗೆ’, ‘ಜುಮ್ ಅಂತ ಉರಿ’ ಎಂದರೆ ಅನುಭವಿ ನರ್ಸ್‌ಗೆ ಇದು ನರದ ನೋವಿರಬಹುದು, ಮಾಮೂಲಿ ಮಾತ್ರೆಗೆ ಬಗ್ಗುವುದಿಲ್ಲ ಎಂದು ಹೊಳೆಯುತ್ತದೆ. ಅದನ್ನು ‘ಪೇನ್ ಪ್ಲಸ್’ ಎಂದು ಬರೆದರೆ ರೋಗಿ ಕೊಟ್ಟ ಸುಳಿವು ಅಲ್ಲಿಗೇ ನಿಂತಿತು.

ಉತ್ತರ ಕರ್ನಾಟಕದ ಒಂದು ಆಸ್ಪತ್ರೆಯ ಮಹಿಳಾ ವಾರ್ಡಿನಲ್ಲಿ, ಹೊಟ್ಟೆಯ ಆಪರೇಷನ್ ಆಗಿದ್ದ ವಯಸ್ಸಾದ ಹೆಂಗಸಿನ ಮಂಚದ ಬಳಿ ಕಂಡದ್ದು ಹೇಳುತ್ತೇನೆ. “ಆಯಿ, ಬ್ಯಾನಿ ಹೆಂಗೈತ್ರಿ?” ಎಂದರು ಸಿಸ್ಟರ್. “ಏನಿಲ್ಲವಾ, ಆರಾಮದೀನಿ.” ಹೇಳುವಾಗ ಸೆರಗಿನ ತುದಿ ಹಲ್ಲಿನ ನಡುವೆ ಇತ್ತು, ಎಡಗೈ ಮಂಚದ ಸರಳನ್ನು ಬಿಟ್ಟಿರಲಿಲ್ಲ. ಸೊನ್ನೆಯಿಂದ ಹತ್ತರ ಒಳಗೆ ಎಷ್ಟು ಎಂದು ಕೇಳಿದ್ದಕ್ಕೆ ಅಜ್ಜಿ ಸಿಸ್ಟರ್ ಮುಖವನ್ನೇ ನೋಡಿತು. ಸಿಸ್ಟರ್ ಸ್ಟೂಲು ಎಳೆದು ಕೂತರು. “ರೂಪಾಯಿಗೆ ಎಷ್ಟಾಣೆ ಬ್ಯಾನಿ ಅನ್ರಿ?” ಅಜ್ಜಿ ತಡಮಾಡಲಿಲ್ಲ. “ಹದಿನಾಕಾಣೆ ಐತಿ ನೋಡವ್ವಾ.” ಚಾರ್ಟಿನಲ್ಲಿ ಒಂಬತ್ತು ಎಂದು ಬಿತ್ತು, ಇಂಜೆಕ್ಷನ್ ಬಂತು. ಮತ್ತೆ ಬಂದು ಕೇಳಿದಾಗ ಆರಾಣೆಗಿಳಿದಿತ್ತು. ಭಾವನಾತ್ಮಕ ಬುದ್ಧಿಮತ್ತೆ ಎಂದು ಆ ಸಿಸ್ಟರನ್ನು ಹೊಗಳಿದ್ದರೆ ನಕ್ಕುಬಿಡುತ್ತಿದ್ದರು. ‘ನಮ್ಮಜ್ಜಿಯೂ ಹೀಗೇ ಲೆಕ್ಕ ಹಾಕೋದು’ ಎಂದಷ್ಟೇ ಅವರ ವಿವರಣೆ.

‘ಏನಿಲ್ಲ’ ಎಂಬ ಆ ಉತ್ತರದಲ್ಲಿ ತಿತಿಕ್ಷೆ ಎಷ್ಟಿತ್ತು, ವಿಧೇಯತೆ ಎಷ್ಟಿತ್ತು? ಆಸ್ಪತ್ರೆಯವರಿಗೆ ತೊಂದರೆ ಕೊಡಬಾರದು, ಬೈಸಿಕೊಳ್ಳಬಾರದು ಎಂಬ ಅಂಜಿಕೆ ಎಷ್ಟಿತ್ತು? ಹೆರಿಗೆ ವಾರ್ಡಿನಲ್ಲಿ ಬೇನೆ ತಿನ್ನುವವರಿಗೆ ಸಿಗುವ ಗದರಿಕೆಯನ್ನು ಬಲ್ಲ ಹೆಂಗಸರು ನೋವನ್ನು ಬಾಯಿಬಿಟ್ಟು ಹೇಳದಿದ್ದರೆ ಅದು ಸಹನೆಯಲ್ಲ, ಲೆಕ್ಕಾಚಾರ.

ಬಾಯೇ ಇಲ್ಲದವರ ಕಥೆ ಇನ್ನೂ ಕಠಿಣ. ಎಂಬತ್ತರ ದಶಕದವರೆಗೂ ಹಸುಗೂಸುಗಳಿಗೆ ನೋವು ಅಷ್ಟಾಗಿ ತಿಳಿಯುವುದಿಲ್ಲವೆಂಬ ನಂಬಿಕೆಯಲ್ಲಿ ಅರವಳಿಕೆ ತೀರಾ ಕಡಿಮೆ ಕೊಟ್ಟು ಶಸ್ತ್ರಚಿಕಿತ್ಸೆ ಮಾಡುವ ರೂಢಿ ಮುಂದುವರಿದ ದೇಶಗಳಲ್ಲೇ ಇತ್ತು. ಭಾರತೀಯ ಮೂಲದ ವೈದ್ಯ ಕನ್ವಲ್‌ಜೀತ್ ಆನಂದ್ ತಮ್ಮ ಸಹಲೇಖಕರೊಂದಿಗೆ 1987ರಲ್ಲಿ ಪ್ರಕಟಿಸಿದ ಲೇಖನ ಆ ನಂಬಿಕೆಯನ್ನು ಅಲುಗಾಡಿಸಿತು. ಹತ್ತು ವರ್ಷದ ಬಳಿಕ ಬಂದ ಒಂದು ಅಳತೆಪಟ್ಟಿ ಮಗುವಿನ ಮುಖ, ಕಾಲು, ಚಡಪಡಿಕೆ, ಅಳು, ಸಮಾಧಾನವಾಗುವ ಬಗೆ ಈ ಐದನ್ನು ನೋಡಿ ನೋವಿಗೆ ಅಂಕಿ ಹಾಕಲು ಕಲಿಸಿತು. ನೋವಿನ ಅಧ್ಯಯನದ ಅಂತಾರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆ ತಿದ್ದಿದಾಗ, ಮಾತಾಡಲಾಗದವರಿಗೆ ನೋವಿಲ್ಲ ಎಂದುಕೊಳ್ಳಬೇಡಿ ಎಂಬುದನ್ನು ಟಿಪ್ಪಣಿಯಲ್ಲೇ ಸೇರಿಸಿತು. ಶುಶ್ರೂಷೆ ಎಂಬ ಪದಕ್ಕೂ ಕೂಸಿಗೂ ಹಳೆಯ ನಂಟಿದೆ. ಮಹಾಭಾರತದ ಶಾಂತಿಪರ್ವದಲ್ಲಿ ಚಿರಕಾರಿಯ ಕಥೆ ಬರುತ್ತದೆ. ಅಲ್ಲಿ ತಾಯಿಯ ಹೆಸರುಗಳನ್ನು ಬಿಡಿಸುತ್ತಾ, ಒಡಲಲ್ಲಿ ಹೊತ್ತದ್ದರಿಂದ ಧಾತ್ರಿ, ಶಿಶುವಿನ ಶುಶ್ರೂಷೆ ಮಾಡುವುದರಿಂದ ‘ಶುಶ್ರೂ’ ಎಂದಿದೆ. ದಾದಿಯೂ ಶುಶ್ರೂಷಕಿಯೂ ಅಲ್ಲಿ ಒಬ್ಬಳೇ. ಗುರು, ಗಂಡ, ಒಡೆಯ ಎಂದು ಮೇಲ್ಮುಖವಾಗಿಯೇ ಹರಿಯುತ್ತಿದ್ದ ಪದ ಇಲ್ಲಿ ಮಾತು ಬಾರದ ಕೂಸಿನ ಕಡೆಗೆ ಇಳಿದಿದೆ. ಕೋಶಗಳಲ್ಲಿ ಮೂಲೆಗೆ ಬಿದ್ದ ಅರ್ಥ. ನನಗೆ ಇದೇ ಹೆಚ್ಚು ಹಿಡಿಸುತ್ತದೆ.

ಸರ್ಕಾರಿ ಆಸ್ಪತ್ರೆಗಳಲ್ಲಿ ಈಗ ಸ್ಟಾಫ್ ನರ್ಸ್ ಹೋಗಿ ಶುಶ್ರೂಷಾಧಿಕಾರಿ ಬಂದಿದ್ದಾರೆ. ಬಿರುದು ಒಳ್ಳೆಯದೇ. ಊಳಿಗದ ಪದಕ್ಕೆ ಅಧಿಕಾರ ಸೇರಿತು, ಗಂಡಸರಿಗೂ ಹೆಂಗಸರಿಗೂ ಒಂದೇ ಹೆಸರಾಯಿತು. ರೋಗಿಗಳು ಮಾತ್ರ ‘ಸಿಸ್ಟರ್’, ‘ಬ್ರದರ್’ ಬಿಟ್ಟಿಲ್ಲ. ಭಾರತೀಯ ನರ್ಸಿಂಗ್ ಪರಿಷತ್ತಿನ ಲೆಕ್ಕದಂತೆ ಬೋಧನಾ ಆಸ್ಪತ್ರೆಗಳಲ್ಲಿ ಮೂವರು ರೋಗಿಗಳಿಗೆ ಒಬ್ಬ ನರ್ಸ್, ಸಾಮಾನ್ಯ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬರು ಇರಬೇಕು. ರಾತ್ರಿ ಪಾಳಿಯಲ್ಲಿ ಜನರಲ್ ವಾರ್ಡಿಗೆ ಹೋಗಿ ನೋಡಿದವರಿಗೆ ಈ ಲೆಕ್ಕ ಎಲ್ಲಿಯದೋ ಅನಿಸುತ್ತದೆ. ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ವಿಮಾನದ ಗಗನಸಖಿಯರ ನಗುವನ್ನು ಅಧ್ಯಯನ ಮಾಡಿ, ಭಾವನೆಯನ್ನು ಸಂಭಾಳಿಸುವುದೂ ದುಡಿಮೆಯೇ, ಅದೂ ದಣಿಸುತ್ತದೆ ಎಂದಿದ್ದರು. ಮೂವತ್ತು ಹಾಸಿಗೆಗೆ ಒಬ್ಬರೇ ಇರುವಲ್ಲಿ ಸ್ಟೂಲು ಎಳೆದು ಕೂರಲು ಬಿಡುವಿರುವುದಿಲ್ಲ. ಭಾವನಾತ್ಮಕ ಬುದ್ಧಿಮತ್ತೆಯ ಕಾರ್ಯಾಗಾರಕ್ಕೆ ಹೋಗಿಬಂದ ಪ್ರಮಾಣಪತ್ರ ಆ ಕೊರತೆಯನ್ನು ತುಂಬುವುದಿಲ್ಲ.

ಪಾಳಿ ಬದಲಾಗುವ ಹೊತ್ತಿಗೆ ಒಬ್ಬರು ಇನ್ನೊಬ್ಬರಿಗೆ ವಾರ್ಡ್ ಒಪ್ಪಿಸುತ್ತಾರೆ. ಡ್ರಿಪ್ ಎಷ್ಟು ಹೋಯಿತು, ಮೂತ್ರ ಎಷ್ಟು ಬಂತು, ಯಾವ ಇಂಜೆಕ್ಷನ್ ಬಾಕಿ ಎಂಬುದೆಲ್ಲ ಹಾಳೆಯಲ್ಲಿ ಇರುತ್ತದೆ. ಆ ದಿನ ಹೋಗುವ ಸಿಸ್ಟರ್ ಬಂದವರಿಗೆ ಹಾಳೆಯಲ್ಲಿಲ್ಲದ್ದೊಂದು ಹೇಳಿದರು: “ಏಳನೇ ಬೆಡ್ಡಿನ ಆಯಿನ್ನ ಆಣೆ ಲೆಕ್ಕದಾಗ ಕೇಳ್ರಿ. ಹಂಗ ಕೇಳಿದ್ರ ಏನಿಲ್ಲ ಅಂತಾರ.” ಬಂದವರು ತಲೆಯಾಡಿಸಿ ಎಂಟನೇ ಬೆಡ್ಡಿನ ಫೈಲು ತೆಗೆದರು.